ನಿಲ್ಲದ ಚಕ್ರ

ಕಲ್ಮಡುವಿನ ದೊರೆ ಡಂಗುರ ಸಾರಿಸಿದ: "ನನ್ನ ಮೂರು ಒಗಟು ಬಿಡಿಸಿದವನಿಗೆ ಕೇಳಿದ್ದು ಕೊಡುತ್ತೇನೆ. ತಪ್ಪಿದವನನ್ನು ನೀರುಚಕ್ರದ ಕೆಳಗೆ ಹಾಕಿಸುತ್ತೇನೆ."

ಹೊಳೆಗೆ ಕಟ್ಟೆ ಹಾಕಿ ದೊರೆ ನೂಲಿನ ಗಿರಣಿ ಕಟ್ಟಿಸಿದ್ದ. ಮನೆಮನೆಯ ರಾಟೆ ಒಡೆಸಿ, ಮಕ್ಕಳನ್ನು ಗಿರಣಿಯೊಳಗೆ ಕೂಡಿಹಾಕಿದ್ದ. ಹತ್ತಿ ಹಿಂಜುವ ದುಗ್ಗನ ತಂಗಿ ಸಾತು ಅಲ್ಲೇ ಇದ್ದಳು. ಅವಳನ್ನು ಬಿಡಿಸಲೆಂದೇ ದುಗ್ಗ ಬಂದ. ಚಕ್ರದ ಸದ್ದು ಕಿವಿಗಿಂತ ಮೊದಲು ಅವನ ಹೊಟ್ಟೆಗೆ ತಾಗಿತು.

ಗಿರಣಿಯ ಮುಂದೆ ಊರ ಜನರ ನಡುವೆ ದೊರೆ ಕೂತಿದ್ದ. ಎದುರಿಗೆ ಆಗಲೇ ಇಬ್ಬರು ನಿಂತಿದ್ದರು. ಒಬ್ಬ ಪಾಳೆಗಾರನ ಮಗ. ದುಗ್ಗನ ಮೈಗೆ ಅಂಟಿದ ಹತ್ತಿ ನೋಡಿ ನಕ್ಕ.

"ಏನೋ, ಹಾಸಿಗೆ ಹರಿದುಕೊಂಡು ಎದ್ದು ಬಂದೆಯಾ?"

ದೊರೆ ಅವನನ್ನೇ ಮೊದಲು ಕೇಳಿದ. "ಕಾಲಿಲ್ಲದೆ ಓಡುತ್ತದೆ. ಕೈಯಿಲ್ಲದೆ ನೂರು ಕದಿರು ತಿರುಗಿಸುತ್ತದೆ. ಏನದು?"

"ಗಾಳಿ!"

ಭಟರು ಅವನನ್ನು ಎಳೆದೊಯ್ದರು. ಚಕ್ರ ಒಮ್ಮೆ ತಡವರಿಸಿತು. ಮತ್ತೆ ತಿರುಗಿತು.

ಇನ್ನೊಬ್ಬ ಚಿನ್ನದ ವ್ಯಾಪಾರಿ. "ನೀರು, ಮಹಾಪ್ರಭು," ಎಂದ. ಅದು ಸರಿ.

"ಎಳೆದಷ್ಟೂ ಸಣ್ಣಗಾಗುತ್ತದೆ. ತಿರುಚಿದಷ್ಟೂ ಗಟ್ಟಿಯಾಗುತ್ತದೆ. ಏನದು?"

"ಚಿನ್ನದ ತಂತಿ."

"ತಿರುಚುತ್ತಾ ಹೋದರೆ ಚಿನ್ನ ತುಂಡಾಗುತ್ತದಲ್ಲ, ಶೆಟ್ಟರೇ," ಎಂದ ದೊರೆ. ಚಕ್ರ ಮತ್ತೊಮ್ಮೆ ತಡವರಿಸಿತು.

ದುಗ್ಗ ಮುಂದೆ ಬಂದ. "ನೀರು. ಆಮೇಲೆ ನೂಲು," ಎಂದ.

ಮೂರನೆಯದನ್ನು ಕೇಳಿ ಬದುಕಿದವರಿರಲಿಲ್ಲ.

"ನನ್ನ ಚಕ್ರ ನಿಲ್ಲುವುದಿಲ್ಲ. ಅದು ತಿರುಗುತ್ತಿರುವಾಗಲೇ ಕಡಿದದ್ದನ್ನು ಕೂಡಿಸುವುದು ಯಾವುದು? ನೀರಿನ ಕೈಲಾಗದು, ಕಬ್ಬಿಣದ ಕೈಲಾಗದು."

ದುಗ್ಗ ಅವ್ವನ ರಾಟೆ ನೆನೆದ. ಎಳೆ ಕಡಿದರೆ ಅವ್ವ ಮೊದಲು ರಾಟೆ ನಿಲ್ಲಿಸುತ್ತಿದ್ದಳು. ಆಮೇಲೆ ಉಗುಳು ಹಚ್ಚಿ ತುದಿ ಹೊಸೆಯುತ್ತಿದ್ದಳು. ನಿಲ್ಲಿಸದೆ ಹೇಗೆ?

ಭಟರು ಹತ್ತಿರ ಬಂದರು. ದುಗ್ಗ ಗಿರಣಿಯತ್ತ ತಿರುಗಿದ. ಕಿಂಡಿಯಲ್ಲಿ ಸಾತು ಅವನಿಗೆ ಕೈ ಬೀಸುತ್ತಿದ್ದಳು. ಆ ಕೈಯಲ್ಲಿ ಎರಡು ಬೆರಳು ಇರಲಿಲ್ಲ.

"ಹೇಳೋ, ನಾಲಿಗೆ ಬಿದ್ದುಹೋಯಿತೇ?" ಎಂದ ದೊರೆ.

"ಮಕ್ಕಳ ಬೆರಳು, ದೊರೆಯೇ."

ದೊರೆಯ ಮುಖ ಕಪ್ಪಿಟ್ಟಿತು. "ಯಾರು ಹೇಳಿಕೊಟ್ಟರು?"

"ಎಳೆ ಕಡಿದರೆ ನಾವು ರಾಟೆ ನಿಲ್ಲಿಸುತ್ತೇವೆ. ನೀವು ನಿಲ್ಲಿಸುವುದಿಲ್ಲ. ತಿರುಗುವ ಕದಿರುಗಳ ನಡುವೆ ತೂರುವುದು ಸಣ್ಣ ಬೆರಳೊಂದೇ."

ನೆರೆದ ಜನ ದೊರೆಯತ್ತಲೇ ನೋಡಿದರು. ಅವರೆದುರು ಕೊಟ್ಟ ಮಾತನ್ನು ಅವನು ಮುರಿಯುವಂತಿರಲಿಲ್ಲ.

"ಏನು ಬೇಕು? ಅರ್ಧ ರಾಜ್ಯವೇ?"

"ಕಟ್ಟೆಯ ತೂಬು ಮುಚ್ಚಿಸಿ. ಬಾಗಿಲು ತೆಗೆಸಿ. ಮಕ್ಕಳು ಮನೆಗೆ ಹೋಗಲಿ."

ತೂಬಿನ ಹಲಗೆ ಇಳಿಯಿತು. ಚಕ್ರ ನರಳಿ ನಿಂತಿತು. ಮಕ್ಕಳು ಹೊರಗೆ ಬಂದರು, ಒಬ್ಬರೂ ಓಡಲಿಲ್ಲ.

ಮನೆಯಲ್ಲಿ ದುಗ್ಗ ತಂಗಿಗೆ ಹೊಸ ರಾಟೆ ಮಾಡಿದ. ಮೊದಲ ದಿನವೇ ಎಳೆ ಕಡಿಯಿತು. ಸಾತು ತಿರುಗುವ ಕದಿರಿಗೇ ಕೈ ಚಾಚಿದಳು. ದುಗ್ಗ ರಾಟೆಯ ಚಕ್ರವನ್ನು ಬಿಗಿಯಾಗಿ ಹಿಡಿದ.

"ನಿಂತಿದೆ, ನೋಡು," ಎಂದ. "ಈಗ ಕೂಡಿಸವ್ವಾ."