ಚಾವಣಿಯ ಸೀಸ, ಪ್ರಾರ್ಥನೆಯ ಪೀಠ

ಇಂಗ್ಲೆಂಡಿನ ರಾಜ ಯಾರ್ಕ್‌ಶೈರ್‌ನ ಕ್ರೈಸ್ತ ಮಠಗಳನ್ನು ಮುಚ್ಚಿಸಿ, ಮಳೆ ಸೋರದಂತೆ ಅವುಗಳ ಚಾವಣಿಗೆ ಹೊದಿಸಿದ್ದ ಸೀಸದ ತಗಡನ್ನು ಕರಗಿಸಿ ತರಲು ಆಳುಗಳನ್ನು ಕಳುಹಿಸಿದ. ಒಂದು ಮಠದ ಸೀಸ, ಕೆಳಗೆ ಸನ್ಯಾಸಿಗಳು ಪ್ರಾರ್ಥನೆಗೆ ಕೂರುತ್ತಿದ್ದ ಓಕ್ ಮರದ ಪೀಠಕ್ಕೆ ಹೇಳಿತು:

"ತಮ್ಮಾ, ನಾನು ಹೋದ ಮೇಲೆ ನೀನು ಮಳೆಯಲ್ಲಿ ನೆನೆಯುತ್ತೀಯಲ್ಲ."

"ನನ್ನ ಚಿಂತೆ ಬಿಡಣ್ಣ. ಹಳೆಯ ಮರ ಯಾರಿಗೆ ಬೇಕು? ನಾನಾದರೂ ಉಳಿದು, ಇಲ್ಲೊಂದು ಮಠವಿತ್ತೆಂದು ಬಂದವರಿಗೆ ಹೇಳುತ್ತೇನೆ."

ಆಳುಗಳು ಸೀಸವನ್ನು ಕಿತ್ತು ಇಳಿಸಿದರು. ಅದನ್ನು ಕರಗಿಸಲು ಸೌದೆ ಬೇಕಾಯಿತು. ಪೀಠವನ್ನು ಕೊಡಲಿಯಿಂದ ಸೀಳಿ, ಸೀಸದ ಅಡಿಗಿಟ್ಟು ಬೆಂಕಿ ಹಚ್ಚಿದರು.

"ಎಷ್ಟು ಚೆನ್ನಾಗಿ ಉರಿಯುತ್ತೆ ನೋಡ್ರೋ!" ಎಂದ ಮೇಸ್ತ್ರಿ. "ಮುನ್ನೂರು ವರ್ಷದಿಂದ ಇದಕ್ಕೆ ಒಂದು ಹನಿ ಮಳೆಯೂ ತಾಕಿಲ್ಲ."

ಸೀಸ ಆ ಮಾತನ್ನು ಪೂರ್ತಿ ಕೇಳಿಸಿಕೊಂಡ ಮೇಲೆಯೇ ಕರಗಿತು.