ಬೋಗುಣಿಯ ಕೆಮ್ಮಣ್ಣು

"ಗುರುಗಳೇ, ಯೇಸುಸ್ವಾಮಿಯ ಕಾಲದ್ದು ಎಂದು ತೋರಿಸುವ ಕಲ್ಲು, ಹಣತೆ, ನಾಣ್ಯ ಇವೆಲ್ಲ ನಿಜವೆಂದು ಗೊತ್ತಾದರೆ ನಮ್ಮ ನಂಬಿಕೆಗೆ ಸಾಕ್ಷಿ ಸಿಕ್ಕ ಹಾಗಲ್ಲವೇ? ಸುಳ್ಳೆಂದಾದರೆ ನಮ್ಮ ಕೈಯಲ್ಲಿ ಏನು ಉಳಿಯಿತು?"

ಕೇಳಿದವನು ಚೌರಪ್ಪ ಎಂಬ ಶಿಷ್ಯ. ಜೆರುಸಲೇಮಿನ ಯಾತ್ರೆ ಮುಗಿಸಿ ಬಂದವರೊಬ್ಬರು ತೋರಿಸಿದ ಹಳೆಯ ಹಣತೆಯ ಮೇಲೆ ಅವನಿಗೂ ಜೊತೆಯ ಶಿಷ್ಯ ಇನ್ನಾಸಪ್ಪನಿಗೂ ಮಾತಿಗೆ ಮಾತು ಬೆಳೆದಿತ್ತು. ಅಂದಿನಿಂದ ಇಬ್ಬರೂ ಒಂದೇ ಪಂಕ್ತಿಯಲ್ಲಿ ಕೂತು ಉಂಡಿರಲಿಲ್ಲ. ಹಿತ್ತಲ ಗೋಡೆ ಕಟ್ಟಲು ಇಬ್ಬರೂ ಸೇರಿ ಮಣ್ಣು ತುಳಿಯಬೇಕಿತ್ತು. ಇನ್ನಾಸಪ್ಪ ಒಬ್ಬನೇ ತುಳಿಯುತ್ತಿದ್ದ.

ಗುರುಗಳು ಹೌದೆನ್ನಲಿಲ್ಲ, ಅಲ್ಲವೆನ್ನಲಿಲ್ಲ. "ಕೂತ್ಕೋ" ಎಂದು ಕತೆ ಶುರು ಮಾಡಿದರು.

ಒಂದೂರಿನಲ್ಲಿ ಒಬ್ಬ ರೈತನಿದ್ದ. ಅವನ ಮನೆಯಲ್ಲಿ ತಾಮ್ರದ ಬೋಗುಣಿಯೊಂದಿತ್ತು. ಶಿಲುಬೆಗೇರುವ ಹಿಂದಿನ ದಿನ ಯೇಸುಸ್ವಾಮಿ ತಮ್ಮ ಶಿಷ್ಯರ ಕಾಲು ತೊಳೆದದ್ದು ಇದರಲ್ಲೇ ಎಂದು ಹಿರಿಯರು ಹೇಳಿ ಹೋಗಿದ್ದರು. ಹೌದೋ ಅಲ್ಲವೋ ಎಂದು ಯಾರೂ ಕೆದಕಲು ಹೋಗಿರಲಿಲ್ಲ. ವರ್ಷಕ್ಕೊಮ್ಮೆ ಶುಭ ಶುಕ್ರವಾರದ ಹಿಂದಿನ ಆ ಗುರುವಾರ ಬಂತೆಂದರೆ ಬೋಗುಣಿ ರೈತನ ಮನೆಯ ಜಗುಲಿಗೆ ಬರುತ್ತಿತ್ತು. ಮುಖ ಮುರಿದುಕೊಂಡವರು ಬಂದು ಒಬ್ಬರ ಕಾಲು ಒಬ್ಬರು ತೊಳೆಯಬೇಕು. ತೊಳೆದ ಮೇಲೆ ಹಳೆಯ ಮಾತು ಎತ್ತುವಂತಿಲ್ಲ. ಆ ಊರಿನ ವಾಡಿಕೆ ಅದು.

ರೈತನಿಗೂ ಅವನ ಭಾಮೈದನಿಗೂ, ಅಂದರೆ ಹೆಂಡತಿಯ ತಮ್ಮನಿಗೂ, ವರ್ಷವಿಡೀ ಕಿರಿಕಿರಿ. ಕಾಲುವೆ ನೀರು ತಿರುಗಿಸಿಕೊಂಡೆ ಎಂದು ಒಂದು ಸಲ, ಎತ್ತು ಕೇಳಿದರೆ ಕೊಡಲಿಲ್ಲ ಎಂದು ಇನ್ನೊಂದು ಸಲ. ಆದರೂ ಗುರುವಾರ ಬಂದರೆ ಭಾಮೈದ ಬಂದು ಮಣೆಯ ಮೇಲೆ ಕೂತು ಕಾಲು ಚಾಚುತ್ತಿದ್ದ.

"ಮದುವೇಲಿ ನಮ್ಮಪ್ಪ ನಿಮ್ಮ ಕಾಲು ತೊಳೆದ, ಭಾವ. ಈಗ ನಿಮ್ಮ ಸರದಿ. ಬೆರಳ ಸಂದೀನೂ ಬಿಡಬೇಡಿ" ಎನ್ನುತ್ತಿದ್ದ.

ಕೂತವರೆಲ್ಲ ನಗುತ್ತಿದ್ದರು. ರೈತನೂ ನಗುತ್ತಿದ್ದ. ನಗುತ್ತಲೇ ತೊಳೆಯುತ್ತಿದ್ದ.

ಒಂದು ವರ್ಷ ಪಂಡಿತರೊಬ್ಬರು ಊರಿಗೆ ಬಂದರು. ಬೋಗುಣಿಯನ್ನು ತಿರುಗಿಸಿ ಮುರುಗಿಸಿ ನೋಡಿದರು. ಇದು ಅಷ್ಟು ಹಳೆಯದಿರಲಾರದು ಎಂದು ಹೇಳಿ ತಮ್ಮ ದಾರಿ ಹಿಡಿದರು. ಅವರು ಹೋದರು, ಮಾತು ಉಳಿಯಿತು. ಊರು ಎರಡಾಯಿತು. ನಿಜ ಎನ್ನುವವರಿಗೆ ರೈತ ಮುಂದಾಳಾದ. ಸುಳ್ಳು ಎನ್ನುವವರಿಗೆ ಭಾಮೈದ ಮುಂದಾಳಾದ. ಅದುವರೆಗೆ ಜಗಳ ಬಿಡಿಸುತ್ತಿದ್ದ ಬೋಗುಣಿಯೇ ಈಗ ಜಗಳವಾಯಿತು.

ಒಂದು ದಿನ ನಾಲ್ಕು ಜನರ ಎದುರು ಭಾಮೈದ ಬೋಗುಣಿಯ ಅಂಚು ತೋರಿಸಿದ. ಮಡಚಿದ ಅಂಚಿನ ಸಂದಿಯೊಳಗೆ ಹಳೆಯ ಮಣ್ಣು ಗಟ್ಟಿಯಾಗಿ ಕೂತಿತ್ತು.

"ನೋಡಿ ಭಾವ, ಇದು ಅಪ್ಪಟ ನಮ್ಮ ಕೆರೆ ಏರಿಯ ಕೆಮ್ಮಣ್ಣು. ಜೆರುಸಲೇಮಿನವರು ನಮ್ಮ ಕೆರೆಗೆ ಮಣ್ಣು ಹೊರೋಕೆ ಬಂದಿದ್ರಾ?"

ಜನ ನಕ್ಕರು. ಈ ನಗೆ ಜಗುಲಿಯ ನಗೆಯಂತಿರಲಿಲ್ಲ. ರೈತನಿಗೆ ಮೈಯೆಲ್ಲ ಉರಿಯಿತು.

ಗುರುವಾರ ಬೆಳಗ್ಗೆ ಅವನು ಬೋಗುಣಿಯನ್ನು ಹಿತ್ತಲಿಗೆ ಒಯ್ದ. ಹುಣಸೆಹಣ್ಣು, ಬೂದಿ ಹಾಕಿ ತಿಕ್ಕಿದ. ಅಂಚಿನ ಸಂದಿಯೊಳಗಿನ ಮಣ್ಣನ್ನು ಉಗುರಿನಿಂದ ಕೆರೆದ. ಹೆಂಡತಿ ಬಾಗಿಲಲ್ಲಿ ನಿಂತು ನೋಡಿದಳು.

"ಅದರಲ್ಲಿ ನಮ್ಮಪ್ಪನ ಕಾಲಿನ ಮಣ್ಣೂ ಇತ್ತು" ಎಂದಳು.

ರೈತನಿಗೆ ಕೇಳಿಸಿತು. ಕೇಳಿಸದವನಂತೆ ಇನ್ನೊಂದು ಹಿಡಿ ಬೂದಿ ಹಾಕಿದ.

ಬೋಗುಣಿ ಹೊಸದರಂತೆ ಹೊಳೆಯಿತು. ಅದನ್ನು ಜಗುಲಿಯ ಮೇಲೆ ಕೆಂಪು ಬಟ್ಟೆ ಹಾಸಿ ಇಟ್ಟ. ನೀರು ಹಾಕಲಿಲ್ಲ. ಜನ ಬಂದರು, ದೂರದಿಂದ ಕೈಮುಗಿದರು, ಹೋದರು.

ಸಂಜೆಯಾಗುತ್ತಿದ್ದಂತೆ ಭಾಮೈದ ಬಂದ. ಗದ್ದೆಯಿಂದ ನೇರ ಬಂದಿದ್ದ, ಮೊಣಕಾಲವರೆಗೂ ಮಣ್ಣು. ಏನೂ ಆಗಿಲ್ಲವೆಂಬಂತೆ ಮಣೆ ಎಳೆದುಕೊಂಡು ಕೂತ. ಕಾಲು ಚಾಚಿದ.

"ವಾದ ಹಾಳಾಗಲಿ ಭಾವ. ತೊಳೀರಿ."

"ಎತ್ತೋ ಕಾಲು!" ಎಂದು ರೈತ ಕೂಗಿದ. "ಇದು ದೇವರು ಮುಟ್ಟಿದ ಬೋಗುಣಿ. ನಿನ್ನ ಕೊಳಕು ಕಾಲು ಇದರಲ್ಲಿ ಇಡ್ತೀಯಾ?"

ಭಾಮೈದ ಕಾಲು ಎಳೆದುಕೊಂಡ. ಹೊಳೆಯುವ ಬೋಗುಣಿಯನ್ನೊಮ್ಮೆ ನೋಡಿದ, ಭಾವನನ್ನೊಮ್ಮೆ ನೋಡಿದ.

"ಹಾಗಾದರೆ ನೀವೇ ಗೆದ್ರಿ, ಇದು ನಿಜವಾದದ್ದೇ ಇರಬೇಕು" ಎಂದ. "ಸುಳ್ಳಾಗಿದ್ದಾಗ ಇದರಲ್ಲಿ ನನ್ನ ಕಾಲು ಹಿಡಿಸ್ತಿತ್ತು."

ಎದ್ದು ಹೋದ. ಜಗುಲಿಯ ಮೇಲೆ ಅವನ ಹೆಜ್ಜೆಗಳು ಒದ್ದೆಯಾಗಿ, ಕೆಂಪಗೆ ಉಳಿದವು.

ರೈತ ಗೆದ್ದಿದ್ದ. ಕೂತಲ್ಲೇ ತನ್ನ ಕೈ ನೋಡಿಕೊಂಡ. ಉಗುರಿನ ಸಂದಿಯಲ್ಲಿ ಬೆಳಗ್ಗೆ ಕೆರೆದ ಮಣ್ಣು ಇನ್ನೂ ಇತ್ತು. ಅದರಲ್ಲಿ ಮಾವನ ಕಾಲಿನದು ಯಾವುದು, ತನ್ನ ಅಪ್ಪನ ಕಾಲಿನದು ಯಾವುದು, ವರ್ಷ ವರ್ಷವೂ ತಾನೇ ನಗುತ್ತ ತೊಳೆದ ಆ ಕಾಲಿನದು ಯಾವುದು? ಆ ಬೋಗುಣಿಗೆ ಇದ್ದ ಸಾಕ್ಷಿಯೆಲ್ಲ ಅದೇ ಆಗಿತ್ತು. ತನ್ನ ಕೈಯಾರೆ ತಿಕ್ಕಿ ಚರಂಡಿಗೆ ಚೆಲ್ಲಿದ್ದ. ಅವನಿಗೆ ಹೆಂಡತಿಯ ಮುಖ ನೋಡಲಾಗಲಿಲ್ಲ.

ಬೋಗುಣಿಯ ತುಂಬ ನೀರು ತುಂಬಿಕೊಂಡು ಭಾಮೈದನ ಮನೆಗೆ ಹೋದ. ದಾರಿಯುದ್ದಕ್ಕೂ ನೀರು ತುಳುಕಿ ಪಂಚೆ ನೆನೆಯಿತು. ಜನ ನೋಡಿದರು. ಯಾರೂ ನಗಲಿಲ್ಲ. ಭಾಮೈದನ ಹೆಂಡತಿ ಬಾಗಿಲಿಗೆ ಬಂದಳು. ಬೋಗುಣಿ ಕಂಡು ಸೆರಗು ಬಾಯಿಗೆ ಒತ್ತಿಕೊಂಡಳು.

"ಅವರಾಗಲೇ ಕಾಲು ತೊಳಕೊಂಡು ಒಳಗೆ ಹೋದರು ಅಣ್ಣಾ" ಎಂದಳು. "ಅವರೇ ತೊಳಕೊಂಡರು."

ರೈತ ಹೊಸ್ತಿಲ ಹೊರಗೆ ಬೋಗುಣಿ ಹಿಡಿದು ನಿಂತೇ ಇದ್ದ. ಒಳಗೆ ಬಾ ಎನ್ನುವವರಿಲ್ಲ. ಹೋಗಲು ಅವನಿಗೆ ಕಾಲು ಬರಲಿಲ್ಲ.

ಗುರುಗಳು ಅಲ್ಲಿಗೆ ನಿಲ್ಲಿಸಿದರು.

"ಆದರೆ ಗುರುಗಳೇ, ಆ ಬೋಗುಣಿ ನಿಜವೋ ಸುಳ್ಳೋ? ಅದನ್ನು ತಾವು ಹೇಳಲೇ ಇಲ್ಲ" ಎಂದ ಚೌರಪ್ಪ.

ಹಿತ್ತಲಿನಿಂದ ಒಬ್ಬನೇ ಮಣ್ಣು ತುಳಿಯುವ ಸದ್ದು ಕೇಳುತ್ತಿತ್ತು. ಗುರುಗಳು ಮೂಲೆಯಲ್ಲಿದ್ದ ನೀರಿನ ಚೆಂಬನ್ನು ತಂದು ಚೌರಪ್ಪನ ಮುಂದಿಟ್ಟರು.

"ಇನ್ನಾಸಪ್ಪನ ಕಾಲಿಗೆ ಮೆತ್ತಿರುವುದು ಯಾವ ಊರಿನ ಮಣ್ಣು, ಮೊದಲು ಅದನ್ನು ನೋಡಿ ಬಂದು ಹೇಳು."