ನೀಲವ್ವನ ಕಸ ವಿಲೇವಾರಿ ಘಟಕ

ಪಟ್ಟಣದ ದೊಡ್ಡ ಹೋಟೆಲಿಗೆ ಮುತ್ತುಗದ ಪತ್ರಾವಳಿ ಹಚ್ಚಿ ಕೊಡುತ್ತಿದ್ದವಳು ನೀಲವ್ವ. ಒಂದು ದಿನ ಹೋಟೆಲಿನಿಂದ ಫೋನು ಬಂತು. "ನಾಳೆ ಪರಿಸರ ತಪಾಸಣೆಗೆ ನಮ್ಮ ಸಾಹೇಬರು ನಿಮ್ಮ ಮನೆಗೆ ಬರ್ತಾರೆ. ಕಸ ವಿಲೇವಾರಿ ಘಟಕ ಸಜ್ಜಾಗಿರಲಿ. ಇಲ್ಲದಿದ್ದರೆ ನಿಮ್ಮ ಎಲೆ ನಮಗೆ ಬೇಡ."

ಈ ಘಟಕ ಅನ್ನೋದು ಹೆಂಗಿರತೈತೋ ಎಂದು ನೀಲವ್ವ ಗಲ್ಲಕ್ಕೆ ಕೈಹಚ್ಚಿ ಕೂತಳು. ಆಮೇಲೆ ನಕ್ಕವಳೇ ಎದ್ದು, ಹಿತ್ತಲಲ್ಲಿ ಕಟ್ಟಿದ್ದ ತನ್ನ ಎಮ್ಮೆಯ ಮೈ ತಿಕ್ಕಿ ತೊಳೆದು, ಕೋಡಿಗೆ ಎಣ್ಣೆ ಸವರಿದಳು.

ಸಾಹೇಬರು ಬಂದವರೇ ಗದರಿದರು. "ಎಲ್ಲಿದೆಯಮ್ಮಾ ಘಟಕ?"

"ಇಲ್ಲೇ ನಿಂತೈತಲ್ರೀ," ಎಂದ ನೀಲವ್ವ ಉಂಡೆದ್ದ ಎಲೆಗಳನ್ನು ಎಮ್ಮೆಯ ಮುಂದೆ ಹಾಕಿದಳು. ಎಮ್ಮೆ ಒಂದು ಚೂರೂ ಬಿಡದೆ ತಿಂದಿತು.

ಸಾಹೇಬರಿಗೆ ಕುತೂಹಲ ಹುಟ್ಟಿತು. "ಕರೆಂಟು ಎಷ್ಟು ಬೇಕು?"

"ಬ್ಯಾಡ್ರಿ."

"ಕೊನೆಗೆ ಉಳಿಯೋದು?"

"ಸಗಣಿ ಹೊಲಕ್ಕ, ಹಾಲು ನಿಮ್ಮ ಚಾಕ್ಕ."

ಚಹಾ ಕುಡಿದ ಸಾಹೇಬರು ಸೋಲೊಪ್ಪಲಿಲ್ಲ. ಹೋಟೆಲಿನವರು ತಿಂಡಿ ಕಟ್ಟಿಕೊಟ್ಟಿದ್ದ ಪ್ಲಾಸ್ಟಿಕ್ ಡಬ್ಬಿಯನ್ನು ಖಾಲಿ ಮಾಡಿ ಎಮ್ಮೆಯ ಮುಂದೆ ಹಿಡಿದರು. ಎಮ್ಮೆ ಮೂಸಿ ನೋಡಿ, ಸೀನಿ, ಮುಖ ತಿರುವಿತು.

"ನೋಡಿದೆಯಾ! ನಿನ್ನ ಘಟಕ ಕೆಟ್ಟಿದೆ!"

"ಕೆಟ್ಟಿಲ್ರಿ ಸಾಹೇಬ್ರ," ಎಂದಳು ನೀಲವ್ವ. "ಅದೂ ತಪಾಸಣಿ ಮಾಡಿತು. ನಿಮ್ಮ ಹೋಟೆಲು ಫೇಲಾತು."